93ರ ಪಕ್ಕದ 93/1

ಕೋಲ್ಕತ್ತಾದ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯಲ್ಲಿ, ರಾಜಾಬಜಾರ್ ಹತ್ತಿರ, ಮೂರು ನಂಬರುಗಳು ಆಸುಪಾಸಿನಲ್ಲೇ ಸಿಗುತ್ತವೆ. 92 ಎಂದರೆ ಕಲ್ಕತ್ತಾ ವಿಶ್ವವಿದ್ಯಾಲಯದ ಸೈನ್ಸ್ ಕಾಲೇಜು. 93 ಜಗದೀಶಚಂದ್ರ ಬೋಸರು ಬಾಳಿದ ಮನೆ. 93/1 ಅವರು 1917ರಲ್ಲಿ ಸ್ಥಾಪಿಸಿದ ಬೋಸ್ ಇನ್‌ಸ್ಟಿಟ್ಯೂಟ್. ಈ ರಸ್ತೆಗೆ ಹಿಂದೆ ಅಪ್ಪರ್ ಸರ್ಕ್ಯುಲರ್ ರೋಡ್ ಎಂಬ ಹೆಸರಿತ್ತು. ಸೈನ್ಸ್ ಕಾಲೇಜಿನಲ್ಲಿ ಪಾಠ ಹೇಳಿದ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯರ ಹೆಸರು ಆಮೇಲೆ ಬಂತು. ಬೋಸರ ಮನೆ, ಸಂಸ್ಥೆ, ಕಾಲೇಜುಗಳನ್ನು ಜನ ಇವತ್ತಿಗೂ ಹುಡುಕುವುದು ಆ ನಂಬರುಗಳಿಂದಲೇ. ಎರಡು ನಂಬರುಗಳ ನಡುವೆ ಹೊಸದೊಂದಕ್ಕೆ ಜಾಗ ಬೇಕಾದರೆ ಓರೆಗೆರೆ ಎಳೆಯುವುದು ಈ ನಗರದ ರೂಢಿ. ಸತ್ಯಜಿತ್ ರಾಯರ ಮನೆಯೂ 1/1, ಬಿಷಪ್ ಲೆಫ್ರಾಯ್ ರಸ್ತೆ.

2008ರ ಮಳೆಗಾಲದಲ್ಲಿ ಮಧುಗಿರಿ ಕಡೆಯ ಹುಡುಗಿಯೊಬ್ಬಳು ಈ ಊರಿಗೆ ಬಂದಳು. ಬಿಇ ಮುಗಿಸಿ ಒಂದೆರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ನಿಸ್ತಂತು ಸೆನ್ಸರ್ ಜಾಲಗಳ ಮೇಲೆ ಸಂಶೋಧನೆ ಮಾಡಲು ಬಂದವಳು. ಆ ವಿಷಯ ಅವಳಿಗೆ ಊರಿನ ದಾರಿಯಲ್ಲೇ ಹತ್ತಿತ್ತು. ಅವಳ ಜಿಲ್ಲೆಯದೇ ಆದ ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್ ಸೇರಿ, ಪ್ರೊ. ಜಮದಗ್ನಿಯವರ ತಂಡದ ಮುಂದಾಳತ್ವದಲ್ಲಿ ಹೊಲಗಳಿಗೆ ಸೆನ್ಸರುಗಳನ್ನು ಇಟ್ಟಿದ್ದವು. ಕಾಮನ್‌ಸೆನ್ಸ್ ನೆಟ್ ಎಂದು ಅದರ ಹೆಸರು. ಮಳೆಯನ್ನೇ ನಂಬಿ ಕಡಲೆಕಾಯಿ ಹಾಕುವ ರೈತನಿಗೆ ಮಣ್ಣಿನಲ್ಲಿ ಇನ್ನೆಷ್ಟು ತೇವ ಉಳಿದಿದೆ ಎಂದು ತಿಳಿಸುವುದು ಅದರ ಉದ್ದೇಶ. ಬರಗಾಲದ ಸೀಮೆಯಲ್ಲಿ ಹುಟ್ಟಿದವಳಿಗೆ ಇಂಥದ್ದೊಂದು ಎಂಜಿನಿಯರಿಂಗ್ ಇದೆ ಎಂಬುದೇ ದೊಡ್ಡ ಸುದ್ದಿಯಾಗಿತ್ತು.

ಕೋಲ್ಕತ್ತಾದಲ್ಲಿ ಅವಳಿಗೆ ಸಿಕ್ಕ ಕೆಲಸ ಕೇಳಲು ಸಣ್ಣದು: ಜಾಲದ ಪ್ರತಿಯೊಂದು ಸೆನ್ಸರಿಗೂ ಬೇರೆ ಯಾವುದಕ್ಕೂ ಇಲ್ಲದ ಒಂದು ವಿಳಾಸ ಕೊಡುವುದು ಹೇಗೆ ಎಂದು ನೋಡುವುದು. ಇದರಲ್ಲಿ ಏನಿದೆ, ಒಂದು ಎರಡು ಮೂರು ಎಂದು ಬರೆದರಾಯಿತಲ್ಲ ಎಂದು ಜೊತೆಯವರು ಕೇಳುತ್ತಿದ್ದರು. ಆಮೇಲಿನ ನಾಲ್ಕು ವರ್ಷ ಅವಳನ್ನು ಹಿಡಿದಿಟ್ಟದ್ದು ಆ ಒಂದು ಎರಡು ಮೂರೇ.

ಬೋಸರು 1895ರಲ್ಲಿ ಇದೇ ನಗರದ ಟೌನ್ ಹಾಲಿನಲ್ಲಿ ಜನರೆದುರು ಪ್ರಯೋಗ ಮಾಡಿ ತೋರಿಸಿದಾಗ, ಕಣ್ಣಿಗೆ ಕಾಣದ ಅಲೆ ಗೋಡೆ ದಾಟಿ ಹೋಗಿ ಗಂಟೆ ಬಾರಿಸಿತು, ಮದ್ದಿನಪುಡಿ ಹೊತ್ತಿಸಿತು. ಆ ಅಲೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಕಳಿಸುವ ಪೆಟ್ಟಿಗೆ ಒಂದು, ಕೇಳುವ ಪೆಟ್ಟಿಗೆ ಒಂದು. ಗೊಂದಲಕ್ಕೆ ಆಸ್ಪದವೇ ಇಲ್ಲ. ಮೂರನೆಯ ಪೆಟ್ಟಿಗೆ ಬಂದ ಕೂಡಲೇ ಈ ಮಾತು ಯಾರದು, ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ತಂತಿಯಿದ್ದರೆ ತಂತಿಯ ಕೊನೆ ಹಿಡಿದು ಹೋಗಿ ನೋಡಬಹುದು. ಗಾಳಿಯಲ್ಲಿ ಬಂದ ಮಾತಿನ ಮೂಲ ಅದರೊಳಗೇ ಬರೆದಿರಬೇಕು.

ಅವಳ ಲ್ಯಾಬಿನ ಮೇಜಿನ ಮೇಲೆ ಇದ್ದವು ಟೆಲೋಸ್‌ಬಿ ಮೋಟ್‌ಗಳು. ಮೋಟ್ ಎಂದರೆ ಸೆನ್ಸರ್, ರೇಡಿಯೊ ಎರಡೂ ಇರುವ ಪುಟ್ಟ ಬೋರ್ಡು; ಇದು ರೂಪುಗೊಂಡದ್ದು ಅಮೆರಿಕದ ಬರ್ಕ್ಲಿಯಲ್ಲಿ. ಎರಡು ಪೆನ್‌ಸೆಲ್‌ಗಿಂತ ಸ್ವಲ್ಪವೇ ದೊಡ್ಡದು, ಬೆನ್ನಿಗೆ ಕಟ್ಟಿಕೊಂಡಿರುವುದೂ ಎರಡು ಪೆನ್‌ಸೆಲ್. 10 ಕಿಲೋಬೈಟ್ ನೆನಪು, ಸೆಕೆಂಡಿಗೆ 250 ಕಿಲೋಬಿಟ್ ಕಳಿಸುವ ರೇಡಿಯೊ. ಅದರಲ್ಲಿ ಓಡುವ ಟೈನಿಒಎಸ್ ಎಂಬ ತಂತ್ರಾಂಶವನ್ನು ಯುಎಸ್‌ಬಿ ಮೂಲಕ ತುಂಬುವಾಗ ಆಜ್ಞೆಯ ಕೊನೆಗೆ ಒಂದು ಅಂಕಿ ಕೊಡಬೇಕು. ಆ ಅಂಕಿಯೇ ಮೋಟ್‌ನ ವಿಳಾಸ. ತುಂಬುವವರ ಬೆರಳು ಏನು ಒತ್ತುತ್ತದೋ ಅದು.

ಒಂದು ಬೇಸಿಗೆಯಲ್ಲಿ ಲ್ಯಾಬಿನವರು ತಮ್ಮ ಕಟ್ಟಡದ ಮಹಡಿ ಮಹಡಿಗೂ ಮೋಟ್ ಇಟ್ಟು ಉಷ್ಣತೆ ಅಳೆಯುತ್ತಿದ್ದರು. ಏಳನೇ ನಂಬರಿನ ಮೋಟ್ 31 ಡಿಗ್ರಿ ಆಸುಪಾಸು ತೋರಿಸುತ್ತಿತ್ತು. ಗ್ರಾಫ್ ಸ್ವಲ್ಪ ನಡುಗುತ್ತಿತ್ತು ಅಷ್ಟೆ, ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೊಂದು ದಿನ ಅವಳು ಹತ್ತು ನಿಮಿಷದ ಸರಾಸರಿಯನ್ನು ಬದಿಗಿಟ್ಟು ಬಂದ ಸಾಲುಗಳನ್ನು ಹಾಗೆಯೇ ತೆರೆದು ನೋಡಿದಳು. ಮೊದಲ ಕಾಲಮ್ ವಿಳಾಸ, ಎರಡನೆಯದು ಆ ಮೋಟ್ ತಾನೇ ಹಾಕುವ ಕ್ರಮಸಂಖ್ಯೆ, ಮೂರನೆಯದು ಉಷ್ಣತೆ. 7, 412, 29.6. ಅದರ ಕೆಳಗೆ 7, 96, 33.1. ಅದರ ಕೆಳಗೆ 7, 413, 29.5. ಮತ್ತೆ 7, 97, 33.2. ಏಳು ಎಂಬ ಹೆಸರಿನವರು ಇಬ್ಬರಿದ್ದರು. ಬದಲಿಗೆಂದು ಸಿದ್ಧಮಾಡಿದ್ದ ಮೋಟ್ ಒಂದಕ್ಕೂ ಅದೇ ಅಂಕಿ ಸಿಕ್ಕಿ, ಅದು ತಾರಸಿಯ ಬಿಸಿಲಿಗೆ ಹೋಗಿತ್ತು. ಹಳೆಯದು ಕಾರಿಡಾರಿನ ನೆರಳಿನಲ್ಲಿತ್ತು. ವಾರಗಟ್ಟಲೆ ಅವರು ಬರೆದುಕೊಂಡ 31 ಡಿಗ್ರಿ ಆ ಕಟ್ಟಡದ ಯಾವ ಮೂಲೆಯಲ್ಲೂ ಇರಲಿಲ್ಲ.

ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತದ್ದು ಇದೇ. ವಿಳಾಸ ಇಲ್ಲದ ಮೋಟ್ ಸುಮ್ಮನಿರುತ್ತದೆ, ಹಾಗಾಗಿ ಗೊತ್ತಾಗುತ್ತದೆ. ಇನ್ನೊಬ್ಬರ ವಿಳಾಸ ಹೊತ್ತ ಮೋಟ್ ಮಾತಾಡುತ್ತಲೇ ಇರುತ್ತದೆ, ಅದರ ಮಾತು ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ಆಳಕ್ಕಿಳಿದಷ್ಟೂ ಕೇಡು ಹೆಚ್ಚು. ಈ ರೇಡಿಯೊಗಳು ಪಾಲಿಸುವ 802.15.4 ಎಂಬ ಮಾನಕದಲ್ಲಿ, ತಲುಪಿತು ಎಂದು ಹೇಳುವ ಉತ್ತರದ ಚೀಟಿಯಲ್ಲಿ ಕ್ರಮಸಂಖ್ಯೆ ಮಾತ್ರ ಇರುತ್ತದೆ, ಕಳಿಸಿದವರ ವಿಳಾಸ ಇರುವುದಿಲ್ಲ. ಒಂದೇ ವಿಳಾಸದ ಇಬ್ಬರಲ್ಲಿ ತಪ್ಪಾದವನು ಉತ್ತರಿಸಿದರೂ ಕಳಿಸಿದವನು ಕೆಲಸ ಆಯಿತೆಂದು ತಿಳಿಯುತ್ತಾನೆ. ಹಲವು ಹಂತ ದಾಟಿ ಬರುವ ಪ್ಯಾಕೆಟ್‌ಗಳಲ್ಲಿ ಎರಡನೇ ಪ್ರತಿ ಬಂದರೆ ದಾರಿಯಲ್ಲೇ ಎಸೆದುಬಿಡುವ ಪದ್ಧತಿ ಇದೆ. ಪ್ರತಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಮುಖ್ಯವಾಗಿ ವಿಳಾಸ, ಕ್ರಮಸಂಖ್ಯೆ ನೋಡಿ. ಇಬ್ಬರು ಏಳರ ಕ್ರಮಸಂಖ್ಯೆ ಒಂದು ಗಳಿಗೆ ಕೂಡಿಬಂದರೆ ಒಬ್ಬನ ನಿಜವಾದ ಮಾತು ನಕಲೆಂದು ಕಸಕ್ಕೆ ಹೋಗಬಹುದು.

ಹಾಗಾದರೆ ಕಾರ್ಖಾನೆಯಲ್ಲೇ ಎಂದೂ ಮರುಕಳಿಸದ ನಂಬರು ಕೆತ್ತಿ ಕಳಿಸಬಾರದೇ? ಕಳಿಸುತ್ತಾರೆ. ಟೆಲೋಸ್‌ಬಿಯ ಮೇಲೆ ಡಿಎಸ್2411 ಎಂಬ ಪುಟ್ಟ ಚಿಪ್ ಇದೆ. ಅದರ ಕೆಲಸ 64 ಬಿಟ್‌ಗಳ ಒಂದು ನಂಬರನ್ನು ಹೊತ್ತಿರುವುದು ಮಾತ್ರ, ಅದರಲ್ಲಿ 48 ಬಿಟ್ ಸರಣಿ ಸಂಖ್ಯೆ. 802.15.4 ಮಾನಕವೂ ಪ್ರತಿ ರೇಡಿಯೊಗೆ 64 ಬಿಟ್‌ಗಳ ಪೂರ್ಣ ವಿಳಾಸ ಹೇಳುತ್ತದೆ. ಮೊದಲ 24 ಬಿಟ್ ತಯಾರಕರ ಗುರುತು, ಅದನ್ನು ಹಂಚುವುದು ಐಟ್ರಿಪಲ್‌ಇ ಸಂಸ್ಥೆ. ಉಳಿದ 40 ಬಿಟ್ ತಯಾರಕರೇ ತುಂಬಬೇಕು. ಒಂದೊಂದು ಗುರುತಿನಡಿ ಒಂದು ಲಕ್ಷ ಕೋಟಿಗೂ ಹೆಚ್ಚು ನಂಬರು. ಬೋಸರ ಮಿಲಿಮೀಟರ್ ಅಲೆಗಳ ಪ್ರಯೋಗಕ್ಕೆ 2012ರಲ್ಲಿ ಇದೇ ಕೋಲ್ಕತ್ತಾದಲ್ಲಿ ಸ್ಮರಣ ಫಲಕ ಹಾಕಿಸಿದ್ದೂ ಇದೇ ಐಟ್ರಿಪಲ್‌ಇ ಎಂಬುದನ್ನು ಅವಳು ಇವತ್ತಿಗೂ ಸಂತೋಷದಿಂದ ಹೇಳುತ್ತಾಳೆ.

ತೊಡಕಿರುವುದು ಖರ್ಚಿನಲ್ಲಿ. ಈ ರೇಡಿಯೊ ಒಮ್ಮೆಗೆ ಕಳಿಸಬಲ್ಲ ಪ್ಯಾಕೆಟ್ ಹೆಚ್ಚೆಂದರೆ 127 ಬೈಟ್. ಹೇಳಬೇಕಾದ ಸುದ್ದಿ, ಅಂದರೆ ಉಷ್ಣತೆ, ಎರಡೇ ಬೈಟ್. ಕಳಿಸುವವರ ಮತ್ತು ಪಡೆಯುವವರ ಪೂರ್ಣ ವಿಳಾಸ ಸೇರಿದರೆ ಹದಿನಾರು ಬೈಟ್. ಲಾಸ್ ಏಂಜಲೀಸಿನ ಗ್ರೆಗರಿ ಪಾಟಿ ಮತ್ತು ವಿಲಿಯಂ ಕೈಸರ್ 2000ದಲ್ಲಿ ಒಂದು ಲೆಕ್ಕ ಕೊಟ್ಟಿದ್ದರು: ಒಂದು ಕಿಲೋಬಿಟ್ ಮಾತನ್ನು 100 ಮೀಟರ್ ಆಚೆಗೆ ತಲುಪಿಸುವ ಶಕ್ತಿಯಲ್ಲಿ ಪ್ರೊಸೆಸರ್ ಒಂದು 30 ಲಕ್ಷ ಸೂಚನೆಗಳನ್ನು ನಡೆಸಬಹುದು. ಯೋಚಿಸುವುದು ಅಗ್ಗ, ಮಾತಾಡುವುದು ದುಬಾರಿ. ಎರಡು ಪೆನ್‌ಸೆಲ್‌ನಲ್ಲಿ ವರ್ಷ ಕಳೆಯಬೇಕಾದ ಮೋಟ್ ಪ್ರತಿ ಸಲವೂ ತನ್ನ ಉದ್ದನೆಯ ಹೆಸರು ಹೇಳಿಕೊಂಡು ಕೂತರೆ ಬ್ಯಾಟರಿ ಅದಕ್ಕೇ ಹೋಗುತ್ತದೆ. ಅದಕ್ಕೇ ಮಾನಕದಲ್ಲಿ 16 ಬಿಟ್‌ಗಳ ಗಿಡ್ಡ ವಿಳಾಸಕ್ಕೂ ಜಾಗ ಇದೆ. ಒಟ್ಟು 65,536, ಕೆಲವನ್ನು ಬೇರೆ ಕೆಲಸಕ್ಕೆ ಮೀಸಲಿಟ್ಟಿದ್ದಾರೆ. ಆ ಗಿಡ್ಡ ವಿಳಾಸವನ್ನು ಯಾರು ಹಂಚಬೇಕು, ಹೇಗೆ ಹಂಚಬೇಕು ಎಂಬಲ್ಲಿ ನಿಜವಾದ ಕಥೆ ಶುರುವಾಗುತ್ತದೆ.

ಆ ಕಥೆ ಅವಳಿಗೆ ಅರ್ಥವಾದದ್ದು ಅರ್ಧ ಲ್ಯಾಬಿನಲ್ಲಿ, ಅರ್ಧ ಮಾಣಿಕ್ತಲಾದ ಬಾಡಿಗೆ ಕೋಣೆಯಲ್ಲಿ. ಮನೆಯ ನಂಬರಿನಲ್ಲಿ ಎರಡು ಓರೆಗೆರೆ, ಕೊನೆಗೊಂದು ಅಕ್ಷರ: 17/2/1ಬಿ. ಮೊದಲ ತಿಂಗಳು ಊರಿನಿಂದ ಅಮ್ಮ ಕಳಿಸಿದ ಹುರಿಗಾಳು, ಚಟ್ನಿಪುಡಿಯ ಪಾರ್ಸೆಲ್ 17/2ಕ್ಕೆ ಹೋಗಿ ಕೂತಿತ್ತು. ಮನೆಯೊಡತಿಯನ್ನು ಅವಳು ಬಂಗಾಳಿ ರೂಢಿಯಂತೆ ಮಾಶಿಮಾ ಎಂದೇ ಕರೆಯುತ್ತಿದ್ದಳು.

"ನಮ್ಮ ಮಾವನವರ ಕಾಲಕ್ಕೆ ಇದೆಲ್ಲ ಒಂದೇ ಮನೆ ಕಣಮ್ಮಾ, ಹದಿನೇಳು," ಎಂದು ಮಾಶಿಮಾ ವಿವರಿಸಿದರು. "ಅವರ ಅಣ್ಣತಮ್ಮಂದಿರು ಪಾಲಾದರು, ಹದಿನೇಳರ ಒಂದು, ಹದಿನೇಳರ ಎರಡು ಆಯಿತು. ಎರಡು ನಮ್ಮ ಮಾವನವರಿಗೆ ಬಂತು. ಅವರ ಮಕ್ಕಳು ಮತ್ತೆ ಪಾಲಾದರು. ನಮ್ಮವರು ತೀರಿಕೊಂಡ ಮೇಲೆ ಮಗ ಮೇಲಿನ ಮಹಡಿ ಬೇರೆ ಮಾಡಿಕೊಂಡ, ಅವನು ಎ, ನಾನು ಬಿ."

ಮಧುಗಿರಿಯವಳಿಗೆ ಇದು ಹೊಸದೇನಲ್ಲ. ಅವಳ ಅಪ್ಪನ ಹೊಲದ ಪಹಣಿಯಲ್ಲೂ ಸರ್ವೆ ನಂಬರಿನ ಪಕ್ಕ ಹಿಸ್ಸೆಯ ಅಂಕಿ, ಅದರ ಪಕ್ಕ ಅಕ್ಷರ. ಜಮೀನು ಪಾಲಾದಾಗ ಪೋಡಿ ಮಾಡಿಸಿದರೆ ಪ್ರತಿ ತುಂಡಿಗೂ ತನ್ನದೇ ನಂಬರು ಬರುತ್ತದೆ. ಪೋಡಿ ಆಗದೆ ನಾಲ್ಕು ಮನೆಯವರ ಹೆಸರು ಒಂದೇ ಪಹಣಿಯಲ್ಲಿ ಉಳಿದರೆ, ಒಬ್ಬನು ಸಾಲಕ್ಕೆ ಹೋದಾಗಲೂ ಮಾರಲು ಹೋದಾಗಲೂ ಉಳಿದ ಮೂವರು ಅಡ್ಡ ಬರುತ್ತಾರೆ. ಹಳ್ಳಿಯ ಅರ್ಧ ವ್ಯಾಜ್ಯ ಅಲ್ಲೇ. ಇಬ್ಬರು ಏಳರ ಪಾಡೂ ಬೇರೆಯಲ್ಲ.

ಜಿಗ್‌ಬೀ ಎಂಬ ಸೆನ್ಸರ್ ಜಾಲದ ಆರಂಭದ ಪದ್ಧತಿ ಹೆಚ್ಚುಕಡಿಮೆ ಈ ಪಾಲಿನ ಪದ್ಧತಿಯೇ, ಆದರೆ ಪಾಲು ಮುಂಚಿತವಾಗಿ ಆಗಿರುತ್ತದೆ. ಜಾಲದ ಒಡೆಯ ಮೂರು ಅಂಕಿ ನಿಗದಿ ಮಾಡುತ್ತಾನೆ: ಒಬ್ಬೊಬ್ಬರಿಗೆ ಎಷ್ಟು ಮಕ್ಕಳು, ಅವರಲ್ಲಿ ಮತ್ತೆ ಮಕ್ಕಳನ್ನು ಹೊಂದಬಲ್ಲ ರೂಟರುಗಳು ಎಷ್ಟು, ಎಷ್ಟು ತಲೆಮಾರು. ರೂಢಿಯ ಲೆಕ್ಕ 20 ಮಕ್ಕಳು, 6 ರೂಟರು, 5 ತಲೆಮಾರು. ಒಡೆಯನ ವಿಳಾಸ ಸೊನ್ನೆ. ಮೊದಲ ರೂಟರಿಗೆ 1. ಅದರ ವಂಶಕ್ಕೆಂದು 5,181 ವಿಳಾಸ ಕಾಯ್ದಿಟ್ಟು ಎರಡನೇ ರೂಟರಿಗೆ 5,182 ಕೊಡುತ್ತಾರೆ. ಮೂರನೆಯದಕ್ಕೆ 10,363. ಮುಂದಿನ ತಲೆಮಾರಿನಲ್ಲಿ ಒಂದೊಂದು ರೂಟರಿನ ಪಾಲು 861, ಅದರ ಮುಂದೆ 141, ಆಮೇಲೆ 21, ಕೊನೆಗೆ 1. ಕೋಲ್ಕತ್ತಾ ನಗರಪಾಲಿಕೆಗೆ ಆಗ ಇದ್ದ ವಾರ್ಡುಗಳೂ 141 ಎಂದು ಅವಳು ನೋಟ್‌ಬುಕ್ಕಿನ ಅಂಚಿಗೆ ಬರೆದಿಟ್ಟುಕೊಂಡಿದ್ದಳು.

ಈ ವ್ಯವಸ್ಥೆಯ ಸೊಗಸು ಅವಳನ್ನು ಸೆಳೆಯಿತು. ಹೊಸ ಮೋಟ್ ಬಂದರೆ ಯಾವ ಕಚೇರಿಗೂ ಅರ್ಜಿ ಹೋಗಬೇಕಿಲ್ಲ. ಹತ್ತಿರದ ರೂಟರು ತನ್ನ ಪಾಲಿನಿಂದ ಒಂದು ತೆಗೆದು ಕೊಡುತ್ತದೆ, ಆ ವಿಳಾಸ ಇಡೀ ಜಾಲದಲ್ಲಿ ಒಂದೇ ಎಂಬುದು ಲೆಕ್ಕದಿಂದಲೇ ಖಚಿತ. ದಾರಿಯೂ ವಿಳಾಸದಲ್ಲೇ ಅಡಗಿದೆ. 6,000ಕ್ಕೆ ಪ್ಯಾಕೆಟ್ ಬಂದರೆ ಅದು 5,182ರ ವಂಶಕ್ಕೆ ಸೇರಿದ್ದೆಂದು ಯಾವ ಪಟ್ಟಿಯನ್ನೂ ನೋಡದೆ ಹೇಳಬಹುದು. ದೆಹಲಿಯಿಂದ ಬಂದ ಪತ್ರದ ನಂಬರು 7ರಿಂದ ಶುರುವಾದರೆ ಪೂರ್ವ ವಲಯದ ಚೀಲಕ್ಕೆ, 700 ಎಂದಿದ್ದರೆ ಕೋಲ್ಕತ್ತಾ ಚೀಲಕ್ಕೆ ಹಾಕುವಂತೆ 1972ರ ಆಗಸ್ಟ್ 15ರಿಂದ ನಮ್ಮ ಪಿನ್‌ಕೋಡ್ ನಡೆಯುತ್ತಿರುವುದೂ ಇದೇ ತರ್ಕದ ಮೇಲೆ.

ಆಮೇಲೆ ಲ್ಯಾಬಿನವರು ಮೋಟ್‌ಗಳನ್ನು ಹೊತ್ತುಕೊಂಡು ನಗರದ ಪೂರ್ವಕ್ಕೆ ಹೋದರು.

ಕೋಲ್ಕತ್ತಾದ ಪೂರ್ವ ಅಂಚಿನಲ್ಲಿ ಸುಮಾರು 12,500 ಹೆಕ್ಟೇರ್ ಜೌಗು ಇದೆ. ನಗರದ ಕೊಳಚೆ ನೀರು ಕಾಲುವೆಗಳಲ್ಲಿ ಅಲ್ಲಿಗೆ ಹರಿದು, ಭೇಡಿ ಎಂದು ಕರೆಯುವ ಆಳವಿಲ್ಲದ ಕೆರೆಗಳಲ್ಲಿ ನಿಂತು, ಬಿಸಿಲು ಮತ್ತು ಪಾಚಿಯ ಕೆಲಸದಿಂದ ತಿಳಿಯಾಗಿ, ಮೀನಿಗೆ ಮೇವಾಗುತ್ತದೆ. ಕೊಳಚೆ ಶುದ್ಧಿಯ ದೊಡ್ಡ ಸ್ಥಾವರ ಮಾಡಬೇಕಾದ ಕೆಲಸವನ್ನು ಮೀನುಗಾರರು ತಲೆಮಾರುಗಳಿಂದ ಮಾಡುತ್ತ ಬಂದದ್ದನ್ನು ಜಗತ್ತಿಗೆ ತೋರಿಸಿದವರು ಎಂಜಿನಿಯರ್ ಧ್ರುಬಜ್ಯೋತಿ ಘೋಷ್. 2002ರಲ್ಲಿ ಆ ಜೌಗು, ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ಇಂಥ ನೀರಿನಲ್ಲಿ ಬೆಳಗಿನ ಜಾವಕ್ಕೆ ಆಮ್ಲಜನಕ ಕುಸಿಯುತ್ತದೆ, ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ನೀರಿನ ಉಷ್ಣತೆಯನ್ನು ರಾತ್ರಿಯಿಡೀ ಅಳೆದರೆ ಮುನ್ಸೂಚನೆ ಸಿಗಬಹುದೇ ಎಂಬುದು ಅವರ ಪುಟ್ಟ ಪ್ರಯತ್ನ. ಭೇಡಿಯ ಏರಿಯ ಮೇಲೆ ಉದ್ದಕ್ಕೆ ಬಿದಿರಿನ ಗೂಟ ನೆಟ್ಟು, ಗೂಟಕ್ಕೊಂದು ಪ್ಲಾಸ್ಟಿಕ್ ಡಬ್ಬಿ ಕಟ್ಟಿ, ಒಳಗೆ ಮೋಟ್ ಇಟ್ಟರು.

ಏರಿ ಉದ್ದ, ಅಗಲ ಇಲ್ಲ. ಗೂಟಗಳು ಒಂದರ ಹಿಂದೆ ಒಂದು. ಒಂದು ಮೋಟ್ ತನ್ನ ಹಿಂದಿನದನ್ನೂ ಮುಂದಿನದನ್ನೂ ಮಾತ್ರ ಕೇಳಿಸಿಕೊಳ್ಳಬಲ್ಲದು. ಮೊದಲ ಗೂಟಕ್ಕೆ ವಿಳಾಸ 1 ಬಂತು, ಅದರ ಮಗುವಿಗೆ 2, ಅದರ ಮಗುವಿಗೆ 3, ಹಾಗೇ 4, 5. ಆರನೆಯ ಗೂಟ ಕೇಳಿದಾಗ ಐದನೆಯದು ಇಲ್ಲ ಎಂದಿತು. ಐದು ತಲೆಮಾರು ಮುಗಿದಿತ್ತು. ಆ ಲೆಕ್ಕದ ಪ್ರಕಾರ ಜಾಲದಲ್ಲಿ 31,101 ವಿಳಾಸಕ್ಕೆ ಜಾಗ. ಸೊನ್ನೆಯೂ ಸೇರಿ ಖರ್ಚಾದದ್ದು ಆರು. ಉಳಿದ ಮೂವತ್ತೊಂದು ಸಾವಿರ ಎಂದೂ ಹುಟ್ಟದ ಮಕ್ಕಳ ಹೆಸರಿನಲ್ಲಿ ಕಾದಿದ್ದವು, ಕಣ್ಣೆದುರಿನ ಆರನೇ ಗೂಟಕ್ಕೆ ಒಂದೂ ಇರಲಿಲ್ಲ. ತೈವಾನಿನ ಮೆಂಗ್‌ಶಿಯುವಾನ್ ಪಾನ್ ಮತ್ತು ಯೂಚೀ ತ್ಸೆಂಗ್ ಇದನ್ನೇ ಅನಾಥರ ಸಮಸ್ಯೆ ಎಂದು ಹೆಸರಿಸಿ ಅಧ್ಯಯನ ಮಾಡಿದ್ದಾರೆ. ಓದಿದಾಗ ಲೆಕ್ಕದ ಒಗಟಿನಂತಿದ್ದದ್ದು ಏರಿಯ ಮೇಲೆ ನಿಂತಾಗ ಅನ್ಯಾಯದಂತೆ ಕಂಡಿತು. ಜಾಲ ಹೀಗೆಯೇ ಹರಡುತ್ತದೆ ಎಂದು ಯಾರೋ ದೂರದಲ್ಲಿ ಕೂತು ಊಹಿಸಿ ಪಾಲು ಮಾಡಿದ್ದರು. ನೆಲ ಹಾಗಿರಲಿಲ್ಲ.

ಅದರ ಜೊತೆಗೆ ಇನ್ನೊಂದು ಕೊರತೆ. ಈ ವಿಳಾಸ ತಂದೆಯನ್ನು ಅವಲಂಬಿಸಿದ್ದು. ನಡುವಿನ ಗೂಟದ ಬ್ಯಾಟರಿ ಸತ್ತರೆ ಅದರ ಆಚೆಯವರೆಲ್ಲ ಬೇರೆ ತಂದೆಯನ್ನು ಹುಡುಕಿ ಹೊಸ ವಿಳಾಸ ಪಡೆಯಬೇಕು. ಮಾಣಿಕ್ತಲಾದಲ್ಲಿ 17/2ರವರು ಮನೆ ಮಾರಿಕೊಂಡು ಹೋದರೂ 17/2/1ಬಿ ಹಾಗೇ ಇರುತ್ತದೆ. ಗೂಟಗಳಿಗೆ ಆ ಭಾಗ್ಯವಿಲ್ಲ.

ಜಿಗ್‌ಬೀ ಮಾಡಿದವರಿಗೂ ಇದು ಗೊತ್ತಾಗಿತ್ತು. 2007ರ ಹೊಸ ಆವೃತ್ತಿಯಲ್ಲಿ ಪಾಲಿನ ಲೆಕ್ಕ ಬಿಟ್ಟು, ಪ್ರತಿಯೊಬ್ಬರಿಗೂ ಕಣ್ಣುಮುಚ್ಚಿ ಒಂದು ಅಂಕಿ ಎತ್ತಿ ಕೊಟ್ಟು ಅದನ್ನು ಎಲ್ಲರಿಗೂ ಸಾರುವ ದಾರಿ ಹಿಡಿದರು. ಇಬ್ಬರಿಗೆ ಒಂದೇ ಬಂದಿದೆ ಎಂದು ಗೊತ್ತಾದರೆ ಮತ್ತೆ ಎತ್ತಬೇಕು. 65 ಸಾವಿರದಲ್ಲಿ ಡಿಕ್ಕಿ ಅಪರೂಪ ಎನಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ನೂರು ಮೋಟ್ ಇದ್ದರೆ ಎಲ್ಲೋ ಒಂದು ಜೋಡಿಗೆ ಒಂದೇ ಅಂಕಿ ಬರುವ ಸಾಧ್ಯತೆ ಶೇ. 7ರಷ್ಟು, ಮುನ್ನೂರು ದಾಟಿದರೆ ಅರ್ಧಕ್ಕರ್ಧ. ಮೂವತ್ತು ಜನರ ತರಗತಿಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಗಣಿತವೇ ಇಲ್ಲಿಯೂ ಇದೆ. ಡಿಕ್ಕಿ ಪತ್ತೆಯಾಗುವುದು ಹೇಗೆ? ಆ 64 ಬಿಟ್‌ಗಳ ಪೂರ್ಣ ವಿಳಾಸದಿಂದಲೇ. ಗಿಡ್ಡ ಹೆಸರು ಒಂದೇ, ಪೂರ್ಣ ಹೆಸರು ಬೇರೆ ಎಂದು ಕಂಡಾಗ ಜಾಲ ಎಚ್ಚರಗೊಳ್ಳುತ್ತದೆ.

ಸೆನ್ಸರ್ ಜಾಲಗಳ ಸಂಶೋಧಕರಾದ ಜೆರೆಮಿ ಎಲ್ಸನ್ ಮತ್ತು ಡೆಬೊರಾ ಎಸ್ಟ್ರಿನ್ 2001ರಲ್ಲೇ ಇನ್ನೂ ಧೈರ್ಯದ ಮಾತಾಡಿದ್ದರು: ಖಾಯಂ ವಿಳಾಸ ಯಾಕೆ ಬೇಕು, ಒಂದೊಂದು ವ್ಯವಹಾರಕ್ಕೆ ಒಂದೊಂದು ಪುಟ್ಟ ಯಾದೃಚ್ಛಿಕ ಗುರುತು ಸಾಕು, ಆಗೀಗ ಡಿಕ್ಕಿಯಾದರೆ ಆಗಲಿ. ಬಿಟ್ ಉಳಿತಾಯದ ದೃಷ್ಟಿಯಿಂದ ಅದು ಜಾಣತನ. ಅವಳಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಕಾಡಿನ ಮೇಲೆ ವಿಮಾನದಿಂದ ಚೆಲ್ಲಿದ ಸಾವಿರ ಸೆನ್ಸರುಗಳಲ್ಲಿ ಯಾವುದು ಹೇಳಿತು ಎಂಬುದು ಬೇಕಿಲ್ಲದಿರಬಹುದು. ಹತ್ತು ವರ್ಷದ ದಾಖಲೆಗಾಗಿ ನೆಟ್ಟ ಗೂಟದ ವಿಷಯದಲ್ಲಿ ಯಾವುದು ಹೇಳಿತು ಎಂಬುದು ಬಿಟ್ಟರೆ ಉಳಿಯುವುದೇನು?

ಕೊನೆಗೆ ಅವರು ಆರಿಸಿದ್ದು ಮಧ್ಯದ ದಾರಿ. ಮೋಟ್ ಮೊದಲ ಸಲ ಜಾಲಕ್ಕೆ ಸೇರುವಾಗ ಚಿಪ್‌ನಲ್ಲಿ ಕೆತ್ತಿದ ಉದ್ದ ನಂಬರನ್ನು ಹೇಳುತ್ತದೆ. ಆ ಕೋರಿಕೆ ಗೂಟದಿಂದ ಗೂಟಕ್ಕೆ ದಾಟಿ ಕಾವಲು ಗುಡಿಸಲಿನ ಲ್ಯಾಪ್‌ಟಾಪಿಗೆ ಬರುತ್ತದೆ. ಅಲ್ಲಿಂದ 16 ಬಿಟ್‌ಗಳ ಗಿಡ್ಡ ವಿಳಾಸ ವಾಪಸು ಹೋಗುತ್ತದೆ. ಎರಡರ ನಂಟು ಪಟ್ಟಿಯಲ್ಲಿ ಉಳಿಯುತ್ತದೆ. ಆಮೇಲೆ ಬ್ಯಾಟರಿ ಇರುವವರೆಗೂ ಗಿಡ್ಡ ವಿಳಾಸದಲ್ಲೇ ಮಾತು. ಹೊಸ ಆವಿಷ್ಕಾರವೇನಲ್ಲ, ಆದರೆ ಏರಿಯ ಕೊನೆಯ ಗೂಟದವರೆಗೂ ಎಲ್ಲಕ್ಕೂ ವಿಳಾಸ ಸಿಕ್ಕಿತು.

ಭೇಡಿ ಕಾಯುವ ಹಿರಿಯರೊಬ್ಬರಿದ್ದರು. ಅವರನ್ನು ಅವಳು ಕಾಕು (ಚಿಕ್ಕಪ್ಪ) ಎನ್ನುತ್ತಿದ್ದಳು, ಅವರು ಅವಳನ್ನು ದಿದಿ (ಅಕ್ಕ) ಎನ್ನುತ್ತಿದ್ದರು. ಡಬ್ಬಿಯ ಮೇಲೆ ನಂಬರಿನ ಚೀಟಿ ಅಂಟಿಸುವಾಗ ಅವರು ಕೇಳಿದರು: "ಇದೆಲ್ಲ ಯಾಕೆ ದಿದಿ? ಇದು ಈಚಲು ಮರದ ಹತ್ತಿರದ್ದು, ಅದು ತೂಬಿನ ಬಾಯಿಯದು, ಆಚೆಯದು ದೋಣಿ ಕಟ್ಟುವ ಕಡೆಯದು. ನನಗೆ ರಾತ್ರಿ ಕತ್ತಲಲ್ಲೂ ಗೊತ್ತು." ಅವರಿಗೆ ಡಬ್ಬಿ ಯಾವುದಾದರೂ ಒಂದೇ, ಜಾಗವೇ ಅದರ ಹೆಸರು. ಒಂದು ಮಳೆಯಲ್ಲಿ ನೀರು ನುಗ್ಗಿ ಹಾಳಾದ ಡಬ್ಬಿಯ ಬದಲು ಹೊಸ ಮೋಟ್ ಕಟ್ಟಿದಾಗ ಆ ಮಾತಿನ ತೂಕ ಗೊತ್ತಾಯಿತು. ಹೊಸ ಮೋಟ್‌ನ ಉದ್ದ ನಂಬರು ಬೇರೆ, ಹಾಗಾಗಿ ಗಿಡ್ಡ ವಿಳಾಸವೂ ಬೇರೆ ಬಂತು. ದಾಖಲೆಯಲ್ಲಿ ತೂಬಿನ ಬಾಯಿಯ ಉಷ್ಣತೆ ಆ ದಿನ ನಿಂತುಹೋಗಿ, ಎಲ್ಲಿಯದೆಂದು ಗೊತ್ತಿಲ್ಲದ ಹೊಸದೊಂದು ಸಾಲು ಮರುದಿನ ಶುರುವಾಯಿತು. ಹಳೆಯ ವಿಳಾಸವನ್ನೇ ಹೊಸದಕ್ಕೆ ಕೊಟ್ಟರೆ ಜಾಗದ ಸಾಲು ಮುಂದುವರಿಯುತ್ತದೆ. ಆದರೆ ಸೆನ್ಸರ್‌ನಿಂದ ಸೆನ್ಸರ್‌ಗೆ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಆ ದಿನ ನೀರು ತಂಪಾಯಿತೋ ಅಳೆಯುವ ಕೈ ಬದಲಾಯಿತೋ ಎಂದು ಆಮೇಲೆ ನೋಡುವವರಿಗೆ ತಿಳಿಯದು.

ಕಾಕು ಅವರ ವಿಳಾಸವಾದರೂ ಏನು? ಕಾಗದದಲ್ಲಿ ಮೀನುಗಾರರ ಸಹಕಾರ ಸಂಘದ ಕೇರಾಫ್. ಕಾಲುವೆ ದಂಡೆಯ ಅವರ ಗುಡಿಸಲಿಗೂ ಸುತ್ತಲಿನ ಗುಡಿಸಲುಗಳಿಗೂ ನಂಬರು ಇರಲಿಲ್ಲ. ಬಂದ ಪತ್ರ ಸಂಘದ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಬ್ಯಾಂಕಿನ ಖಾತೆಗೆ ವಿಳಾಸದ ಪುರಾವೆ ಎಂದಾಗ ಇನ್ನೊಬ್ಬರ ಮನೆಯ ವಿದ್ಯುತ್ ಬಿಲ್ ಹಿಡಿದು ಹೋಗಬೇಕಿತ್ತು. ಡಬ್ಬಿಗಳಿಗೆ ಜಗತ್ತಿನಲ್ಲೇ ಒಂದೇ ಎನ್ನುವಂಥ ನಂಬರು ಇದ್ದು, ಅವುಗಳನ್ನು ಕಾಯುವವರಿಗೆ ಬಾಗಿಲ ಮೇಲೆ ಒಂದು ಅಂಕಿ ಇಲ್ಲದ್ದು ಅವಳನ್ನು ಬಹಳ ಕಾಡಿತು.

2010ರ ದಶಕದಲ್ಲಿ ಕೋಲ್ಕತ್ತಾದ ಕೊಳೆಗೇರಿಗಳಲ್ಲಿ ಐರ್ಲೆಂಡ್ ಮೂಲದ ಅಡ್ರೆಸಿಂಗ್ ದಿ ಅನ್‌ಅಡ್ರೆಸ್ಡ್ ಎಂಬ ಸಂಸ್ಥೆ ಈ ಕೆಲಸಕ್ಕೆ ಇಳಿಯಿತು. ಚೆಟ್ಲಾ ಮೊದಲಾದ ಕಡೆ ಕಾರ್ಯಕರ್ತರು ಗುಡಿಸಲಿನಿಂದ ಗುಡಿಸಲಿಗೆ ಹೋಗಿ, ಜಿಪಿಎಸ್‌ನಿಂದ ಜಾಗ ಗುರುತಿಸಿ, ಅದರಿಂದ ಹುಟ್ಟುವ ಒಂಬತ್ತು ಸ್ಥಾನಗಳ ಸಂಕೇತವನ್ನು ಫಲಕದ ಮೇಲೆ ಬರೆದು ಬಾಗಿಲಿಗೆ ಹೊಡೆದರು. ಮುಂದೆ ಗೂಗಲ್ 2014ರಲ್ಲಿ ಹೊರತಂದ ಪ್ಲಸ್ ಕೋಡ್ ಬಳಕೆಗೆ ಬಂತು. ಅಕ್ಷಾಂಶ ರೇಖಾಂಶಗಳನ್ನೇ ಚೌಕಗಳಾಗಿ ಕತ್ತರಿಸಿ, ಇಪ್ಪತ್ತು ಚಿಹ್ನೆಗಳಲ್ಲಿ ಬರೆಯುವ ಪದ್ಧತಿ ಅದು. ಅರ್ಥ ಹುಟ್ಟುವ ಪದಗಳು ಆಗಿಬಿಡಬಾರದೆಂದು ಅದರಲ್ಲಿ ಇಂಗ್ಲಿಷ್ ಸ್ವರಾಕ್ಷರಗಳನ್ನು ಬಿಟ್ಟಿದ್ದಾರೆ. ಹತ್ತು ಚಿಹ್ನೆಯ ಚೌಕ ಸುಮಾರು 14 ಮೀಟರ್. ಬೆಂಗಳೂರಿನ ಒಂದು ಸೈಟಿಗೆ ಸಾಕು, ಚೆಟ್ಲಾದಲ್ಲಿ ಅಷ್ಟರೊಳಗೆ ಹಲವು ಸಂಸಾರಗಳಿರುತ್ತವೆ. ಹನ್ನೊಂದನೆಯ ಚಿಹ್ನೆ ಸೇರಿಸಿದರೆ ಚೌಕ ಮೂರು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಅಟ್ಟದ ಮೇಲೆ ಇನ್ನೊಂದು ಸಂಸಾರ ಇದ್ದರೆ ಮತ್ತೆ ಅದೇ ಪಾಡು, ಏಕೆಂದರೆ ಆ ಸಂಕೇತಕ್ಕೆ ಎತ್ತರ ಗೊತ್ತಿಲ್ಲ. ಆದರೂ ಅವಳಿಗೆ ಈ ಕೆಲಸದ ಮೇಲೆ ಗೌರವ ಇದೆ. ಇಲ್ಲಿ ಯಾರೂ ಯಾರ ಪಾಲಿನಿಂದಲೂ ಕೊಡಬೇಕಿಲ್ಲ, ನೆಲವೇ ನಂಬರು ಕೊಡುತ್ತದೆ.

ಅದೇ ಹೊತ್ತಿಗೆ ಆಧಾರ್ ಬಂತು: ಜಾಗದ ಗೊಡವೆಯಿಲ್ಲದ, ಮನುಷ್ಯನಿಗೇ ಅಂಟಿದ 12 ಅಂಕಿ, ಕೊನೆಯದು ಬರೆಯುವಾಗಿನ ತಪ್ಪು ಹಿಡಿಯುವ ತಾಳೆಯ ಅಂಕಿ. ಡಿಎಸ್2411 ಚಿಪ್‌ನ ಕೊನೆಯ 8 ಬಿಟ್ ಮಾಡುವುದೂ ಅದನ್ನೇ. ಹಾಗೆ ಅವಳ ಲೆಕ್ಕದಲ್ಲಿ ಮೂರು ಬಗೆಯ ವಿಳಾಸಗಳು ಸ್ಪಷ್ಟವಾದವು. ಒಡಲಿಗೆ ಅಂಟಿದ್ದು, ಆಧಾರ್ ಮತ್ತು ಕೆತ್ತಿದ 64 ಬಿಟ್‌ನಂತೆ. ನೆಲಕ್ಕೆ ಅಂಟಿದ್ದು, ಪ್ಲಸ್ ಕೋಡ್ ಮತ್ತು ಕಾಕು ಹೇಳಿದ ಈಚಲು ಮರದಂತೆ. ನಂಟಿನಿಂದ ಬಂದದ್ದು, ಕೇರಾಫ್ ಮತ್ತು ಜಿಗ್‌ಬೀಯ ವಂಶದ ಅಂಕಿಯಂತೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದಾಗಲೆಲ್ಲ ಎಲ್ಲೋ ಯಾರದೋ ಮಾತು ಕಳೆದುಹೋಗಿರುವುದನ್ನು ಅವಳು ಕಂಡಿದ್ದಾಳೆ.

ಈಗ ಅವಳು ಬೆಂಗಳೂರಿನಲ್ಲಿದ್ದಾಳೆ. ನೀರಿನ ಮೀಟರುಗಳ ಜಾಲ ಅವಳ ಕೆಲಸ. ಇಂಟರ್ನೆಟ್ಟಿನ ಹೊಸ ವಿಳಾಸ ಪದ್ಧತಿ ಐಪಿವಿ6 ಬಂದು ಪ್ರತಿ ಮೀಟರಿಗೂ 128 ಬಿಟ್ ವಿಳಾಸ ಸಾಧ್ಯವಾಗಿದೆ. ಐಪಿವಿ6 ಪ್ಯಾಕೆಟ್ಟಿನ 40 ಬೈಟ್‌ಗಳ ತಲೆಬರಹವನ್ನು 127 ಬೈಟ್‌ಗಳ ಪ್ಯಾಕೆಟ್ಟಿಗೆ ಕುಗ್ಗಿಸಿ ಹಾಕುವ ವಿಧಾನವನ್ನು 2007ರಲ್ಲಿ ಆರ್‌ಎಫ್‌ಸಿ 4944 ಎಂಬ ಕಡತ ಹೇಳಿಕೊಟ್ಟು, 2011ರಲ್ಲಿ ಇನ್ನೊಂದು ಅದನ್ನು ತಿದ್ದಿತು. ವಿಳಾಸ ಸಾಲದೆ ಬರುವ ಕಾಲ ಮುಗಿಯಿತು ಎಂದು ಹೊಸ ಹುಡುಗರು ಹೇಳುತ್ತಾರೆ. ಅವಳು ಅವರಿಗೆ ಕೊಡುವ ಅಳವಡಿಕೆಯ ಪಟ್ಟಿಯಲ್ಲಿ ನಾಲ್ಕು ಕಾಲಮ್ ಇವೆ: ಮೀಟರಿನಲ್ಲಿ ಕೆತ್ತಿದ ನಂಬರು, ನಲ್ಲಿಯ ಸಂಪರ್ಕದ ನಂಬರು, ಯಾವ ಗೇಟ್‌ವೇ ಮೂಲಕ ಮಾತಾಡುತ್ತದೆ, ಯಾವ ದಿನದಿಂದ. ಮೀಟರ್ ಬದಲಿಸಿದರೆ ಹಳೆಯ ಸಾಲನ್ನು ಅಳಿಸುವಂತಿಲ್ಲ; ಅದರ ಕೆಳಗೆ ಹೊಸ ದಿನಾಂಕದೊಂದಿಗೆ ಇನ್ನೊಂದು ಸಾಲು ಬರಬೇಕು. ನಾಲ್ಕನೇ ಕಾಲಮ್ ಖಾಲಿ ಬಿಟ್ಟು ಬಂದ ಪಟ್ಟಿಯನ್ನು ಅವಳು ತೆಗೆದುಕೊಳ್ಳುವುದಿಲ್ಲ, ಅಳವಡಿಸಿದವರನ್ನು ಮತ್ತೆ ಆ ಮನೆಗೆ ಕಳಿಸುತ್ತಾಳೆ.